ಒಂದೇ ಪೈಥಾನ್ ಫೈಲು, ಎರಡು ಗೇರುಬೀಜ ಫ್ಯಾಕ್ಟರಿ

ಮಂಗಳೂರಿನ ಗೇರುಬೀಜ ಫ್ಯಾಕ್ಟರಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುವುದು ನಮ್ಮ ತಂಡದ ಕೆಲಸ. ಡಬ್ಲ್ಯು 180, ಡಬ್ಲ್ಯು 240, ಡಬ್ಲ್ಯು 320 ಅಂತ ಗ್ರೇಡ್‌ಗಳಿರುತ್ತವೆ. ಒಂದು ಪೌಂಡಿಗೆ ಸುಮಾರು ಎಷ್ಟು ಬೀಜ ಅನ್ನುವ ಲೆಕ್ಕ ಅದು. ಸಂಖ್ಯೆ ಸಣ್ಣದಾದಷ್ಟೂ ಬೀಜ ದೊಡ್ಡದು, ದರ ಹೆಚ್ಚು. ಈ ದರಪಟ್ಟಿ ಹಳೆಯ ಪೈಥಾನ್ ಮಾಡ್ಯೂಲ್ (ಅಂದರೆ ಕೋಡ್ ಫೈಲು) ಒಂದರ ತಲೆಯಲ್ಲೇ ಗ್ಲೋಬಲ್ ವೇರಿಯೇಬಲ್ ಆಗಿ, ಅಂದರೆ ಇಡೀ ಮಾಡ್ಯೂಲಿಗೆ ಒಂದೇ ಆಗಿ, ಕೂತಿತ್ತು. ಎರಡನೇ ಫ್ಯಾಕ್ಟರಿಯೂ ಅದೇ ಪ್ರೋಸೆಸ್‌ಗೆ (ಓಡುತ್ತಿರುವ ಪ್ರೋಗ್ರಾಮಿಗೆ) ಬರುವಾಗ ಒಬ್ಬರ ದರ ಇನ್ನೊಬ್ಬರ ಬಿಲ್ಲಿಗೆ ಬೀಳದಂತೆ ನೋಡಬೇಕಿತ್ತು.

ಎರಡು ಬೇರೆ ಹೆಸರಿಟ್ಟು ಇಂಪೋರ್ಟ್ ಮಾಡಿದರೂ ಪೈಥಾನ್ ಕೊಡುವುದು ಒಂದೇ ಮಾಡ್ಯೂಲನ್ನು. ಮೊದಲ ಸಲ ಲೋಡ್ ಆದದ್ದು ಸಿಸ್.ಮಾಡ್ಯೂಲ್ಸ್ ಎಂಬ ಪಟ್ಟಿಯಲ್ಲಿ ಉಳಿಯುತ್ತದೆ, ಮುಂದಿನ ಸಲ ಅಲ್ಲಿಂದಲೇ ಬರುತ್ತದೆ. ರೀಲೋಡ್ ಮಾಡಿದರೂ ಅದೇ ಆಬ್ಜೆಕ್ಟಿನ ಒಳಗೆ ಕೋಡ್ ಮತ್ತೊಮ್ಮೆ ಓಡುತ್ತದೆ, ಅಷ್ಟೇ.

ಒಂದೇ ಫೈಲನ್ನು ಫ್ಯಾಕ್ಟರಿಗೊಂದರಂತೆ ಬೇರೆ ಬೇರೆ ಪ್ರತಿಗಳಾಗಿ ಲೋಡ್ ಮಾಡುವ ದಾರಿ ಇರುವುದು ಪೈಥಾನಿನದ್ದೇ ಇಂಪೋರ್ಟ್‌ಲಿಬ್.ಯುಟಿಲ್‌ನಲ್ಲಿ. ಸ್ಪೆಕ್_ಫ್ರಮ್_ಫೈಲ್_ಲೊಕೇಶನ್‌ಗೆ ಅದೇ ಫೈಲು, ಬೇರೆ ಬೇರೆ ಹೆಸರು ಕೊಡಿ. ಮಾಡ್ಯೂಲ್_ಫ್ರಮ್_ಸ್ಪೆಕ್‌ನಿಂದ ಖಾಲಿ ಮಾಡ್ಯೂಲ್ ಪಡೆಯಿರಿ. ಆ ಹೆಸರಲ್ಲೇ ಸಿಸ್.ಮಾಡ್ಯೂಲ್ಸ್‌ಗೆ ಸೇರಿಸಿ, ಆಮೇಲೆ ಎಕ್ಸೆಕ್_ಮಾಡ್ಯೂಲ್ ಓಡಿಸಿ. ಸೇರಿಸುವುದನ್ನು ಬಿಡಬೇಡಿ. ಆಬ್ಜೆಕ್ಟುಗಳನ್ನು ಉಳಿಸಿ ಮತ್ತೆ ತೆರೆಯುವ ಪಿಕಲ್, ಅವುಗಳ ಕ್ಲಾಸನ್ನು ಹುಡುಕುವುದು ಮಾಡ್ಯೂಲಿನ ಹೆಸರಿನಿಂದಲೇ.

ನಿಜವಾದ ತಲೆನೋವು ಶುರುವಾಗುವುದು ಇದಾದ ಮೇಲೆ. ದರ ಸಿಗದಿದ್ದರೆ ಆ ಮಾಡ್ಯೂಲ್ ತನ್ನದೇ ಒಂದು ಎಕ್ಸೆಪ್ಶನ್ (ಎರರ್ ಸೂಚನೆ) ಎಸೆಯುತ್ತಿತ್ತು. ಮುಖ್ಯ ಕೋಡ್ ಅದನ್ನು ಹಿಡಿಯಲು ಮಾಡ್ಯೂಲನ್ನು ಮಾಮೂಲಿನಂತೆ ಇಂಪೋರ್ಟ್ ಮಾಡಿಕೊಂಡಿತ್ತು. ಅಂದರೆ ಅಲ್ಲಿ ಮೂರನೇ ಪ್ರತಿ! ಪ್ರತಿಯೊಂದು ಪ್ರತಿಗೂ ಅದರದ್ದೇ ಕ್ಲಾಸ್, ಹೆಸರು ಮಾತ್ರ ಒಂದೇ. ಹಾಗಾಗಿ ಎರರ್ ಹಿಡಿಯುವ ಎಕ್ಸೆಪ್ಟ್ ಸಾಲು ಕಣ್ಣೆದುರೇ ಇದ್ದರೂ ಎರರ್ ಅದನ್ನು ದಾಟಿ ಹೋಗುತ್ತದೆ. ಟ್ರೇಸ್‌ಬ್ಯಾಕ್‌ನ (ಪೈಥಾನ್ ತೋರಿಸುವ ಎರರ್ ವರದಿಯ) ಕೊನೇ ಸಾಲಿನಲ್ಲಿ ಕ್ಲಾಸಿನ ಹಿಂದಿರುವ ಮಾಡ್ಯೂಲ್ ಹೆಸರು ಓದಿ, ಗುಟ್ಟು ಅಲ್ಲೇ ಸಿಗುತ್ತದೆ. ಆಬ್ಜೆಕ್ಟು ಯಾವ ಕ್ಲಾಸಿನದು ಎಂದು ನೋಡುವ ಈಸ್‌ಇನ್‌ಸ್ಟೆನ್ಸ್ ಕೂಡ ಹೀಗೆಯೇ ಕೈಕೊಡುತ್ತದೆ. ನಾವು ಎಕ್ಸೆಪ್ಶನ್ ಕ್ಲಾಸುಗಳನ್ನೆಲ್ಲ ಬೇರೆ ಫೈಲಿಗೆ ಎತ್ತಿಟ್ಟು, ಅದನ್ನು ಎಲ್ಲರೂ ಮಾಮೂಲಿ ಇಂಪೋರ್ಟಿನಿಂದಲೇ ತರುವಂತೆ ಮಾಡಿದೆವು.

ಹಾಗೆ ಹಂಚಿಕೊಳ್ಳುವುದು ಸಾಧ್ಯವಾದದ್ದು ಇನ್ನೊಂದು ಗುಣದಿಂದ: ಪ್ರತಿ ಆಗುವುದು ಆ ಒಂದು ಫೈಲು ಮಾತ್ರ. ಅದರೊಳಗಿನ ಇಂಪೋರ್ಟ್‌ಗಳು ಎಲ್ಲ ಪ್ರತಿಗಳಿಗೂ ಒಂದೇ. ತೆರಿಗೆಯ ಲೆಕ್ಕ ಬೇರೆ ಫೈಲಿನಲ್ಲಿದ್ದು, ಅಲ್ಲೂ ಗ್ಲೋಬಲ್ ಇದ್ದರೆ ಸಮಸ್ಯೆ ಅಲ್ಲಿಗೆ ದಾಟಿತು ಅಂತಲೇ ಲೆಕ್ಕ.

ಹೊಸದಾಗಿ ಬರೆಯುವುದಾದರೆ ನಾನು ದರಪಟ್ಟಿಯನ್ನು ಕ್ಲಾಸಿನೊಳಗೇ ಇಡುತ್ತೇನೆ, ಫ್ಯಾಕ್ಟರಿಗೊಂದು ಆಬ್ಜೆಕ್ಟ್. ಆದರೆ ದಿನವೂ ಬಿಲ್ ಹೊರಡುತ್ತಿರುವ ಹಳೇ ಕೋಡನ್ನು ಬಿಚ್ಚುವ ಬದಲು ಬೇರೆ ಬೇರೆ ಪ್ರತಿಗಳಾಗಿ ಲೋಡ್ ಮಾಡಿದ್ದೇ ಸರಿ ಅನ್ನುವುದು ನನ್ನ ನಿಲುವು. ಒಂದು ಪ್ರತಿಯ ಡಬ್ಲ್ಯು 320 ದರ ಬದಲಿಸಿ, ಇನ್ನೊಂದರದ್ದು ಅಲುಗಿಲ್ಲ ಎಂದು ನೋಡುವ ಟೆಸ್ಟ್ ಈಗ ಪ್ರತಿ ರಿಲೀಸಿಗೂ ಮುಂಚೆ ಓಡುತ್ತದೆ.