ಡಗ್‌ವೇ ಬಯಲಿನ ಜಿಯೋಡ್‌ಗಳು

ಅಮೆರಿಕದ ಯೂಟಾ ರಾಜ್ಯದ ಪಶ್ಚಿಮ ಮರುಭೂಮಿಯಲ್ಲಿ, 1860ರ ಸುಮಾರಿಗೆ ಕುದುರೆ ಸವಾರರು ಅಂಚೆ ಒಯ್ಯುತ್ತಿದ್ದ ಪೋನಿ ಎಕ್ಸ್‌ಪ್ರೆಸ್ ದಾರಿಗೆ ಸಮೀಪದಲ್ಲಿ, ಡಗ್‌ವೇ ಜಿಯೋಡ್ ಬೆಡ್ಸ್ ಎಂಬ ಬಯಲಿದೆ. ಹೊರಗೆ ಮಣ್ಣು ಮೆತ್ತಿದ ಆಲೂಗಡ್ಡೆಯಂತೆ ಕಾಣುವ, ಒಡೆದರೆ ಒಳಗೆ ಬೆಣಚುಕಲ್ಲಿನ ಹರಳು ತುಂಬಿರುವ ಉರುಟು ಕಲ್ಲುಗಳು, ಅಂದರೆ ಜಿಯೋಡ್‌ಗಳು, ಇಲ್ಲಿ ಸಿಗುತ್ತವೆ.

ಮೊದಲ ಸಲ ಹೋದಾಗ ನಾನು ಅರ್ಧ ದಿನ ನೆಲದ ಮೇಲೆಯೇ ಹುಡುಕಿದೆ. ಹಿಂದಿನವರು ಒಡೆದು ಬಿಟ್ಟ ಚೂರುಗಳ ಹೊರತು ಬೇರೇನೂ ಸಿಗಲಿಲ್ಲ. ಎಲ್ಲಿ ಅಗೆಯಬೇಕೆಂಬುದು ಈ ಕಲ್ಲಿನ ಕಥೆ ತಿಳಿದ ಮೇಲಷ್ಟೇ ಅರ್ಥವಾಯಿತು. 60ರಿಂದ 80 ಲಕ್ಷ ವರ್ಷಗಳ ಹಿಂದೆ ಜ್ವಾಲಾಮುಖಿಗಳಿಂದ ಹೊಮ್ಮಿದ ರಯೋಲೈಟ್ ಶಿಲೆಯಲ್ಲಿ ಅನಿಲದ ಗುಳ್ಳೆಗಳು ಉಳಿದುಕೊಂಡವು. ಬೆಣಚುಕಲ್ಲಿನ ಮೂಲದ್ರವ್ಯವಾದ ಸಿಲಿಕಾ ಕರಗಿದ್ದ ಅಂತರ್ಜಲ ಆ ಪೊಳ್ಳುಗಳಿಗೆ ಇಳಿದಾಗ, ಆ ಸಿಲಿಕಾ ಪದರ ಪದರವಾಗಿ ಹರಳುಗಟ್ಟಿತು. ಬಹುಕಾಲದ ನಂತರ, ಸುಮಾರು 32,000ದಿಂದ 14,000 ವರ್ಷಗಳ ಹಿಂದಿನವರೆಗೆ ಈ ಸೀಮೆಯನ್ನು ಆವರಿಸಿದ್ದ ಬಾನೆವಿಲ್ ಮಹಾಸರೋವರದ ಅಲೆಗಳು ಆ ಶಿಲೆಯನ್ನು ಸವೆಸಿ, ಜಿಯೋಡ್‌ಗಳನ್ನು ಬಿಡಿಸಿ, ಹಲವು ಮೈಲಿ ಆಚೆ ಒಯ್ದು ಕೆಸರಿನಲ್ಲಿ ಹೂತವು. ಆದ್ದರಿಂದ ಇಲ್ಲಿ ಬಂಡೆಯನ್ನು ಹುಡುಕುವುದು ವ್ಯರ್ಥ. ಹಳೆಯ ಗುಂಡಿಗಳ ಬದಿಯಲ್ಲಿ ಕಾಣುವ ಸರೋವರದ ಜೇಡಿಪದರವನ್ನು ಗುರುತಿಸಿ ಅಲ್ಲಿಯೇ ಅಗೆಯಬೇಕು. ಆದರೆ ಗುಂಡಿಯ ಗೋಡೆಯ ಬುಡವನ್ನು ಸುರಂಗದಂತೆ ಕೊರೆಯುವುದು ಪ್ರಾಣಾಪಾಯ, ಮೇಲಿನ ಮಣ್ಣು ಹೇಳದೆ ಕೇಳದೆ ಕುಸಿಯುತ್ತದೆ.

ಇದು ಅಮೆರಿಕ ಸರ್ಕಾರದ ಭೂ ನಿರ್ವಹಣಾ ಸಂಸ್ಥೆಯಾದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ನೋಡಿಕೊಳ್ಳುವ ಸಾರ್ವಜನಿಕ ಭೂಮಿ. ಸ್ವಂತ ಸಂಗ್ರಹಕ್ಕಾಗಿ, ಮಾರಾಟದ ಉದ್ದೇಶವಿಲ್ಲದೆ, ಕೈ ಸಲಕರಣೆಗಳಿಂದ ಮಿತವಾಗಿ ಕಲ್ಲು ಆಯ್ದುಕೊಳ್ಳಲು ಪರವಾನಗಿ ಬೇಡ. ಬೇರೆಯವರು ಗಣಿ ಹಕ್ಕು ಪಡೆದಿರುವ ಜಾಗಕ್ಕೆ ಅವರ ಒಪ್ಪಿಗೆಯಿಲ್ಲದೆ ಕೈಹಾಕಬಾರದು. ಮೂಲನಿವಾಸಿಗಳ ಬಾಣದ ಮೊನೆ ಕಂಡರೆ ಅದನ್ನು ಇದ್ದಲ್ಲಿಯೇ ಬಿಡಬೇಕು. ಅದು ಒಂದು ಜನಾಂಗದ ನೆನಪು, ನಮ್ಮ ಕಪಾಟಿನ ಅಲಂಕಾರವಲ್ಲ.

ಎರಡನೆಯ ಸಲ ಮೊಣಕಾಲುದ್ದ ಅಗೆದಾಗ ಗುದ್ದಲಿಗೆ ಉರುಟಾದುದೊಂದು ತಾಗಿತು. ಕೈಯಲ್ಲಿ ತೂಗಿ ನೋಡಿದರೆ ಗಾತ್ರಕ್ಕೆ ತಕ್ಕ ಭಾರವಿಲ್ಲ, ಅಂದರೆ ಒಳಗೆ ಪೊಳ್ಳಿದೆ. ಉಳಿಯನ್ನು ಸುತ್ತಲೂ ಒಂದೇ ಗೆರೆಯಲ್ಲಿ ಇಟ್ಟು, ಕಲ್ಲನ್ನು ತಿರುಗಿಸುತ್ತ ಮೆಲ್ಲಗೆ ತಟ್ಟಿದೆ. ಐದಾರು ಸುತ್ತಾದ ಮೇಲೆ ಸದ್ದು ಬದಲಾಗಿ ಕಲ್ಲು ಎರಡು ಹೋಳಾಯಿತು. ಬೂದುಬಣ್ಣದ ಅಂಚಿನೊಳಗೆ ಸಕ್ಕರೆ ಕಾಳಿನಷ್ಟು ಸಣ್ಣ ಬಿಳಿ ಹರಳುಗಳಿದ್ದವು, ಒಂದು ಮೂಲೆಯಲ್ಲಿ ತುಸು ನೇರಳೆ ಛಾಯೆಯಿತ್ತು. ಅಷ್ಟು ದೀರ್ಘಕಾಲ ಕತ್ತಲಲ್ಲಿದ್ದ ಹರಳಿಗೆ ಮೊದಲ ಬೆಳಕು ಬಿದ್ದುದನ್ನು ಕಂಡು ನನಗೆ ಮಾತೇ ಹೊರಡಲಿಲ್ಲ. ಎರಡೂ ಹೋಳುಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಅಗೆದ ಗುಂಡಿಯನ್ನು ಮುಚ್ಚಿ, ಕತ್ತಲಾಗುವ ಮುನ್ನ ಜಲ್ಲಿ ರಸ್ತೆಗೆ ಮರಳಿದೆ.