ಸುಮ್ನ ಯಾರ್ ನಡೀತಾರ್ರೀ?

ಮಂಗಳವಾರ ರಾತ್ರಿ ಊಟಕ್ಕೆ ಕೂತ್ಕೊಂಡು ಫೋನ್ ತೆಗೆದ್ರೆ ನಮ್ಮ ಫ್ರೆಂಡ್ ಹಾಕಿರೋ ರೀಲ್ ಬಂತು. ಬೆಳಗಿನ ಬಿಸಿಲು, ಕೆಂಪು ಬಂಡೆ, ತಲೆ ಮೇಲೆ ಬುಟ್ಟಿ ಹೊತ್ಕೊಂಡು ಅಜ್ಜಿ ಒಬ್ರು ಹತ್ತಿ ಬರ್ತಿದಾರೆ, ಹಿಂದೆ ಕೊಳಲು. ಮೇಲೆ ದಪ್ಪ ಅಕ್ಷರದಲ್ಲಿ 'ಯಾರಿಗೂ ಗೊತ್ತಿಲ್ಲದ ಚಾಲುಕ್ಯರ ಕಾಲುದಾರಿ'. ನೋಡಿ ನನಗೆ ಅನ್ನ ಗಂಟಲಲ್ಲಿ ಸಿಕ್ಕಂಗಾಯ್ತು, ಯಾಕಂದ್ರೆ ಆ ಅಜ್ಜಿ ಆ ಏರು ಎರಡು ಸಲ ಹತ್ತಿದ್ರು, ನಮಗೋಸ್ಕರ. ಎರಡನೇ ಸಲದ್ದೇ ರೀಲಲ್ಲಿರೋದು.

ಹೋದ ಶನಿವಾರ ಬಾದಾಮಿಯಿಂದ ಹಳೇ ಗುಡಿಗಳಿರೋ ಮಹಾಕೂಟಕ್ಕೆ ಗುಡ್ಡದ ಮೇಲಿಂದ ನಡ್ಕೊಂಡು ಹೋಗಿದ್ವಿ, ಮೂರು ಜನ. ಡಾಂಬರ್ ರಸ್ತೆ ಇದೆ, ಬಸ್ಸಿದೆ, ಟಂಟಂ ಸಿಗತ್ತೆ, ಆದ್ರೂ ಹಳೇ ಕಾಲುದಾರಿ ಒಂದಿದೆ, 5-6 ಕಿಲೋಮೀಟರ್ ಅಷ್ಟೇ. ಅಷ್ಟಕ್ಕೆ ನಮ್ಮ ತಯಾರಿ ನೋಡ್ಬೇಕಿತ್ತು. ಬೂಟು, ಎರಡೆರಡು ಕೋಲು, ಬೆನ್ನಿಗೆ ನೀರಿನ ಚೀಲ, ಅದಕ್ಕೊಂದು ನಳಿಕೆ. ಫ್ರೆಂಡ್ ಹತ್ರ ಡ್ರೋನ್ ಬೇರೆ ಇತ್ತು, ಸ್ಮಾರಕಗಳ ಹತ್ರ ಹಾರಿಸಂಗಿಲ್ಲ ಅಂತ ನಾವಿಬ್ರೂ ಜಗಳ ಆಡಿ ಲಾಡ್ಜಲ್ಲೇ ಬಿಡಿಸಿದ್ವಿ. ಅವನು ಕೆಟ್ಟವನಲ್ಲ, ಅದನ್ನ ಈಗ್ಲೇ ಹೇಳ್ಬಿಡ್ತೀನಿ. ಕಾಲೇಜಲ್ಲಿ ನನಗೆ ಫೀಸ್ ಕಟ್ಟಿದವನು. ಆದ್ರೆ ಯಾವುದನ್ನೇ ಆಗ್ಲಿ ಫೋನಲ್ಲಿ ನೋಡದೇ ಇದ್ರೆ ಅವನಿಗೆ ಅದು ಕಂಡಂಗೇ ಆಗಲ್ಲ.

ದಾರಿ ನಿಜವಾಗ್ಲೂ ಚೆನ್ನಾಗಿದೆ. ಕೆಂಪು ಮರಳುಗಲ್ಲು, ಕೆಲವು ಬಂಡೆ ಮೇಲೆ ನೀರಿನ ಅಲೆಯ ಗುರುತು ಹಂಗೇ ಕಲ್ಲಾಗಿ ನಿಂತಿದೆ, ಕೈಯಿಟ್ರೆ ಬೆರಳಿಗೆ ಏಣು ಏಣಾಗಿ ಸಿಗತ್ತೆ. ಯಾವ ಕಾಲದ ನೀರೋ ಏನೋ, ಚಾಲುಕ್ಯರು ಅದರ ಮುಂದೆ ನಿನ್ನೆ ಮೊನ್ನೆಯೋರು. ಸುತ್ತ ಕುರುಚಲು ಜಾಲಿ, ಅಲ್ಲಲ್ಲಿ ಆಡಿನ ಹಿಕ್ಕೆ. ಆಡಿನ ಹಿಕ್ಕೆ ಕಂಡ್ರೆ ದಾರಿ ಸರಿಯಿದೆ ಅಂತ ಲೆಕ್ಕ, ಮ್ಯಾಪು ಎರಡು ಸಲ ತಪ್ಪಿಸ್ತು, ಹಿಕ್ಕೆ ಒಂದ್ಸಲಾನೂ ತಪ್ಪಿಸಲಿಲ್ಲ.

ಅರ್ಧ ದಾರೀಲಿ ಏದುಸಿರು ಬಿಡ್ತಾ ಕೂತಿದ್ವಿ, ಹಿಂದಿನಿಂದ ಚಪ್ಪಲಿ ಸದ್ದು. ಹವಾಯಿ ಚಪ್ಪಲಿ, ಅದ್ರಲ್ಲಿ ಒಂದರ ಬಾರಿಗೆ ಪಿನ್ ಹಾಕಿತ್ತು. ಇಳಕಲ್ ಸೀರೆ, ತಲೆ ಮೇಲೆ ಸಿಂಬಿ, ಅದರ ಮೇಲೆ ಬಿಳೀ ಬಟ್ಟೆ ಕಟ್ಟಿದ ಅಗಲ ಬುಟ್ಟಿ, ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. ಅರವತ್ತೈದು ಎಪ್ಪತ್ತು ಇರ್ಬಹುದು. ನಮ್ಮನ್ನ, ನಮ್ಮ ಕೋಲುಗಳನ್ನ, ನನ್ನ ನಳಿಕೇನ ಒಂದೊಂದಾಗಿ ನೋಡಿ ಕೇಳಿದ್ರು:

"ತಮ್ಮಾ, ಹರಕಿ ಹೊತ್ತೀರೇನು?"

"ಇಲ್ಲ ಅಜ್ಜಿ."

"ಬಸ್ ತಪ್ತೇನು?"

"ಇಲ್ಲ ಅಜ್ಜಿ, ಸುಮ್ನೆ ನಡೀತಿದೀವಿ."

"ಸುಮ್ನ ಯಾರ್ ನಡೀತಾರ್ರೀ?"

ವ್ಯಂಗ್ಯ ಇರಲಿಲ್ಲ ಅದ್ರಲ್ಲಿ, ನಿಜವಾಗ್ಲೂ ಕೇಳಿದ್ದು, ಉತ್ತರಕ್ಕೆ ಅಂತ ಒಂದು ಗಳಿಗೆ ನಿಂತೂ ಇದ್ರು. ಮೂರು ಜನ ಡಿಗ್ರಿ ಓದಿದೋರು, ಒಬ್ರಿಗೂ ಬಾಯಿ ಬರಲಿಲ್ಲ. ಇನ್ನೊಬ್ಬ ಫ್ರೆಂಡು "ಆರೋಗ್ಯಕ್ಕೆ ಒಳ್ಳೇದು ಅಜ್ಜಿ" ಅಂದ, ಅದಕ್ಕವರು ನಮ್ಮ ಬೆವರು ನೋಡಿ ಏನೂ ಹೇಳಲಿಲ್ಲ, ಮುಂದೆ ಹೊರಟ್ರು.

ಅಷ್ಟರಲ್ಲಿ ನಮ್ಮ ಸಾಹೇಬ್ರು ಫೋನ್ ಹಿಡ್ಕೊಂಡು ಎದ್ದ. "ಅಜ್ಜೀ, ಒಂದ್ಸಲ ಕೆಳಗೆ ಹೋಗಿ ಮತ್ತೆ ಬರ್ತೀರಾ?"

"ಯಾಕ, ಏನರ ಬಿತ್ತೇನು?"

ಅಂತ ಕೇಳಿದ್ದೇ ತಡ ತಿರುಗಿ ಇಳಿಯಕ್ಕೆ ಶುರು. ಬುಟ್ಟಿ ಇರೋದ್ರಿಂದ ತಲೆ ಬಗ್ಗಿಸಂಗಿಲ್ಲ, ಕಣ್ಣಷ್ಟೇ ಕೆಳಗೆ ಹಾಕಿ ಕಲ್ಲು ಸಂದೀಲಿ ಹುಡುಕ್ತಾ ಹೋದ್ರು. ನಮ್ಮದೇನೋ ಬಿದ್ದಿದೆ, ಹುಡುಕಿ ಕೊಡೋಣ ಅಂತ. ಇವನು ಮೇಲಿಂದ "ಏನೂ ಬಿದ್ದಿಲ್ಲ ಅಜ್ಜಿ, ವಿಡಿಯೋಗೆ, ವಿಡಿಯೋಗೆ" ಅಂತ ಕೂಗಿದ. ಅವರು ನಿಂತ್ರು. ಬೈತಾರೆ ಅಂದ್ಕೊಂಡೆ. ಸೆರಗು ಸರಿ ಮಾಡ್ಕೊಂಡು, ಮುಖ ಗಂಭೀರ ಮಾಡ್ಕೊಂಡು, ಮದುವೆ ಫೋಟೋಗೆ ನಿಲ್ತಾರಲ್ಲ ಹಂಗೆ, ಹತ್ತಿ ಬಂದ್ರು. ಬಂದು "ಆತೇನು?" ಅಂದ್ರು. ಇವನು ಹೆಬ್ಬೆರಳು ತೋರಿಸಿದ. ಹೋದ್ರು.

ಈ "ಏನರ ಬಿತ್ತೇನು" ಇದೆಯಲ್ಲ, ಇಡೀ ವಾರ ತಲೇಲಿ ಅದೇ. ಮೀಟಿಂಗಲ್ಲಿ ಯಾರೋ ಏನೋ ಹೇಳ್ತಿದ್ರೆ ನನಗೆ ಕಾಣೋದು ಆ ಕಣ್ಣು, ಕಲ್ಲು ಸಂದೀಲಿ ಇಲ್ಲದೇ ಇರೋದನ್ನ ಹುಡುಕ್ತಾ ಇಳಿಯೋದು. ಅವನನ್ನ ಬೈಯೋಣ ಅಂದ್ರೆ ನಾನೇನು ಮಾಡ್ತಿದ್ದೆ? ನೀರು ಕುಡೀತಿದ್ದೆ. ನಳಿಕೇಲಿ.

ಮಹಾಕೂಟಕ್ಕೆ ನಾವು ಮುಟ್ಟೋ ಹೊತ್ತಿಗೆ ಅವರು ಮರದ ಕೆಳಗೆ ಬುಟ್ಟಿ ಬಿಚ್ಚಿ ಅರ್ಧ ವ್ಯಾಪಾರ ಮುಗಿಸಿದ್ರು. ಊಟ ಆಮೇಲೆ ಅಂತ ಮೊದಲು ಪುಷ್ಕರಣಿಗೆ ಹೋದ್ವಿ. ನೆಲದಿಂದ ಉಕ್ಕೋ ಊಟೆ ನೀರು, ತಳದ ಕಲ್ಲು ಕಾಣ್ಸುತ್ತೆ, ಮಧ್ಯೆ ಸಣ್ಣ ಮಂಟಪ, ಹುಡುಗ್ರು ಕಟ್ಟೆ ಮೇಲಿಂದ ದುಡುಂ ಅಂತ ಹಾರ್ತಿದ್ರು. ಸುತ್ತ ಗುಡಿಗಳು, ಒಂದಕ್ಕೆ ದಕ್ಷಿಣದ ದ್ರಾವಿಡ ಶೈಲಿ ಶಿಖರ, ಇನ್ನೊಂದಕ್ಕೆ ಉತ್ತರದ ನಾಗರ ಶೈಲೀದು, ಒಂದೇ ಅಂಗಳದಲ್ಲಿ. ಇಲ್ಲಿದ್ದ ಚಾಲುಕ್ಯ ರಾಜ ಮಂಗಳೇಶನ ಶಾಸನದ ಕಂಬ ಈಗ ವಿಜಯಪುರದ ಮ್ಯೂಸಿಯಮ್ಮಲ್ಲಿದೆ, ಸುಮಾರು 602ನೇ ಇಸವಿದು. ಆ ಶಾಸನದಲ್ಲಿ ಒಂದನೇ ಪುಲಕೇಶಿಯ ರಾಣಿ ದುರ್ಲಭದೇವಿ ಇಲ್ಲಿನ ದೇವ್ರಿಗೆ 10 ಹಳ್ಳಿ ಬಿಟ್ಟಿದ್ದು ಇದೆ. ನಂದಿಗ್ರಾಮ, ಕೆಂದೋರಮಾನ್ಯ, ಕೆಸುವೊಳಲ ಎಲ್ಲ ಆ ಪಟ್ಟೀಲಿ ಬರ್ತಾವೆ, ಅಂದ್ರೆ ಇವತ್ತಿನ ನಂದಿಕೇಶ್ವರ, ಕೆಂದೂರು, ಪಟ್ಟದಕಲ್ಲು. ಮಧ್ಯಾಹ್ನ ಬಸ್ಸಿಗೆ ಕಾಯ್ತಾ ಜನ "ಕೆಂದೂರಿಗೆ ಹೋಕ್ಕೈತೇನು, ನಂದಿಕೇಶ್ವರದಾಗ ನಿಲ್ತೈತೇನು" ಅಂತ ಕೇಳ್ತಿದ್ರೆ ನನಗೆ ಶಾಸನ ಓದಿದಂಗೇ ಆಗ್ತಿತ್ತು.

ಇನ್ನೊಂದು ಶಾಸನ ಮಹಾಕೂಟೇಶ್ವರ ಗುಡಿಯಲ್ಲೇ ಇದೆ, ಕನ್ನಡದ್ದು. ರಾಜ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ, ಅವಳ ತಾಯಿ ಕುಚಿಪೋಟಿ, ಆ ತಾಯಿಯ ತಾಯಿ ರೇವಮಂಚಿ. ಮೂರು ತಲೆಮಾರಿನ ಹೆಂಗಸರ ಹೆಸರು ಸಾಲಾಗಿ. ವಿನಾಪೋಟಿ ದೇವರಿಗೆ ಮಾಣಿಕ್ಯದ ಪೀಠ ಮಾಡಿಸಿದಳು, ಬೆಳ್ಳಿ ಕೊಡೆ ಕೊಟ್ಟಳು, ಹೊಲ ಬಿಟ್ಟಳು ಅಂತ ಇದೆ. ನನ್ನ ತಾಯಿಯ ತಾಯಿಯ ತಾಯಿ ಹೆಸರು ನನಗೆ ಗೊತ್ತಿಲ್ಲ, ಭಾನುವಾರ ಅಮ್ಮನ್ನ ಕೇಳಿದೆ, ಅವರಿಗೂ ಗೊತ್ತಿಲ್ಲ.

ಊಟಕ್ಕೆ ಬಂದು ಅಜ್ಜಿ ಹತ್ರಾನೇ ಕೂತ್ವಿ. ಜೋಳದ ರೊಟ್ಟಿ, ಮೊಳಕೆ ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ, ಡಬ್ಬಿಯಿಂದ ಗಟ್ಟಿ ಮೊಸರು. ಕೇಳದೇ ಹಸಿ ಉಳ್ಳಾಗಡ್ಡಿ ಗುದ್ದಿ ಕೊಟ್ರು. ನನಗೆ ತಪ್ಪಿನ ಭಾವನೆ, ಅದಕ್ಕೇ ಮಾತಿಗೆಳೆದೆ. "ಅಜ್ಜಿ, ಹೆಂಗಸರಿಗೆ ಬಸ್ಸು ಫ್ರೀ ಅಲ್ವಾ, ನೀವ್ಯಾಕೆ ನಡ್ಕೊಂಡು ಬರ್ತೀರಿ?"

"ಬಸ್ಸಾಗ ರೊಟ್ಟಿ ಮುರೀತಾವ್ರೀ."

ಅಷ್ಟೇ. ಆಮೇಲೆ ಬುಟ್ಟಿ ತಳದಿಂದ ಬಟ್ಟೆ ಎತ್ತಿ ತೋರಿಸಿದ್ರು, ಖಡಕ್ ರೊಟ್ಟಿ, ಹಪ್ಪಳದಷ್ಟು ತೆಳ್ಳಗೆ, ಒಂದರ ಮೇಲೊಂದು ನಲವತ್ತು ಐವತ್ತು ಇತ್ತು, ಒಂದೂ ಸೀಳಿರಲಿಲ್ಲ. 2023ರಲ್ಲಿ ಫ್ರೀ ಆದ ಮೇಲೆ ಬಸ್ ತುಂಬ ಜನ, ಒಳ್ಳೇದೇ ಆತು, ಆದ್ರ ಬುಟ್ಟಿಗೆ ಜಾಗ ಇಲ್ಲ, ಒಬ್ರ ಮೊಣಕೈ ತಾಗಿದ್ರೂ ಮುರೀತಾವು, ಮುರಿದಿದ್ದನ್ನ ಯಾರೂ ತಗೊಳ್ಳಲ್ಲ, ಮನೀಗೆ ವಾಪಸ್ ಒಯ್ದು ತಾವೇ ತಿನ್ಬೇಕು. ಹೋಗೋವಾಗ ಬುಟ್ಟಿ ಖಾಲಿ, ಆಗ ಆಧಾರ್ ಕಾರ್ಡ್ ತೋರಿಸಿ ಆರಾಮಾಗಿ ಬಸ್ಸಲ್ಲಿ. ಎಷ್ಟು ಸರಳ ಲೆಕ್ಕ. ನಮ್ಮ ಫ್ರೆಂಡಿಗೆ ಅಲ್ಲೇ ತಟ್ತು ಅನ್ಸುತ್ತೆ, ರೊಟ್ಟಿ ಮುರಿಯೋದು ನಿಲ್ಲಿಸಿ "ಅಜ್ಜಿ, ಬೆಳಗ್ಗೆ ಎರಡು ಸಲ ಹತ್ತಿಸ್ಬಿಟ್ಟೆ" ಅಂದ.

"ಅದಕ್ಕೇನು, ಎರಡ್ ರೊಟ್ಟಿ ಹೆಚ್ಚು ತಿನ್ನು" ಅಂತ ತಟ್ಟೆಗೆ ಹಾಕೇಬಿಟ್ರು. ಅದಕ್ಕೂ ದುಡ್ಡು ಹಿಡಿದ್ರು, ಬಿಡಲಿಲ್ಲ. ಅದು ನನಗೆ ಬಹಳ ಇಷ್ಟ ಆಯ್ತು.

ಹೆಸರು ಕೇಳಿದ್ದಕ್ಕೆ "ಹೆಸರ್ಯಾಕ, ರೊಟ್ಟಿ ಅವ್ವ ಅಂದ್ರ ಯಾರರ ತೋರಸ್ತಾರ" ಅಂದ್ರು. ದಾರಿಗೇನು ಹೆಸರು ಅಂತ ಇನ್ನೊಬ್ಬ ಫ್ರೆಂಡ್ ಕೇಳಿದ, ಅವನು ಆ್ಯಪಲ್ಲಿ ಹೆಸರು ಹಾಕ್ಬೇಕಿತ್ತು. ಅಜ್ಜಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. "ಬರೂಮುಂದ ಮಹಾಕೂಟದ ದಾರಿ. ಹೋಗೂಮುಂದ ಬಾದಾಮಿ ದಾರಿ."

ಈಗ ರೀಲಿಗೆ ನಲವತ್ತು ಸಾವಿರ ವ್ಯೂಸ್. ಲೊಕೇಶನ್ ಕೊಡಿ ಬ್ರೋ, ಅಜ್ಜಿ ಕ್ಯೂಟ್, ನಮ್ಮ ಹಿರಿಯರ ಸ್ಟ್ಯಾಮಿನಾ, ಹಿಂಗೇ ನೂರಾರು ಕಾಮೆಂಟು. ಒಬ್ಬ 'ಪಾಪ ಬಡತನ' ಅಂತ ಬರೆದಿದ್ದಾನೆ, ಅವನಿಗೆ ನಲವತ್ತು ಲೈಕು. ಯಾರಿಗೂ ಗೊತ್ತಿಲ್ಲದ ದಾರಿ ಅಂತೆ. ಆ ಪಿನ್ ಹಾಕಿದ ಚಪ್ಪಲಿಗೆ ಆ ದಾರೀಲಿ ಯಾವ ಕಲ್ಲು ಅಲ್ಲಾಡತ್ತೆ ಅಂತ ಗೊತ್ತು, ಆದ್ರೆ ಲೆಕ್ಕಕ್ಕಿಲ್ಲ, ಬೆಂಗಳೂರಿಂದ ಮೂರು ಜನ ಬಂದು ನೋಡೋ ತನಕ ಯಾರಿಗೂ ಗೊತ್ತಿರಲಿಲ್ಲ. ನಾನೇನು ಕಮ್ಮಿ, ನಾನೂ ಆಫೀಸಲ್ಲಿ ಟ್ರೆಕ್ಕಿಂಗ್ ಹೋಗಿದ್ದೆ ಅಂತ್ಲೇ ಹೇಳ್ಕೊಂಡಿದ್ದು. ಅವನಿಗೆ ಫೋನ್ ಮಾಡಿ "ಕೊಳಲು ತೆಗೆದು ಅಜ್ಜಿ ಮಾತು ಹಾಕೋ, 'ಏನರ ಬಿತ್ತೇನು' ಅಂದಿದ್ದು ರೆಕಾರ್ಡ್ ಆಗಿದೆಯಲ್ಲ" ಅಂದೆ. "ಅದು ಮೊದಲನೇ ಟೇಕ್ ಮಗಾ, ಅಲ್ಲಾಡಿದೆ" ಅಂದ. ಸ್ವಲ್ಪ ಹೊತ್ತು ಬಿಟ್ಟು ಟೈಟಲ್ ಬದಲಾಯಿಸಿದ್ದಾನೆ, 'ಮಹಾಕೂಟದ ದಾರಿ' ಅಂತ. ವ್ಯೂಸ್ ಏನೂ ಕಮ್ಮಿ ಆಗಿಲ್ಲ.

ಹೊರಡೋವಾಗ ಮನೆಗೆ ಅಂತ ಹತ್ತು ಖಡಕ್ ರೊಟ್ಟಿ ಕಟ್ಟಿಸ್ಕೊಂಡಿದ್ದೆ. ಅಜ್ಜಿ ಪೇಪರಲ್ಲಿ ಸುತ್ತಿ, ಮೇಲೆ ಬಟ್ಟೆ ಸುತ್ತಿ, "ಕೈಯಾಗ ಹಿಡ್ಕೊಂಡ್ ಹೋಗ್ರಿ, ಚೀಲದಾಗ ಇಡಬ್ಯಾಡ್ರಿ" ಅಂತ ಎರಡು ಸಲ ಹೇಳಿದ್ರು. ರಾತ್ರಿ ರೈಲಲ್ಲಿ ನಿದ್ದೆ ಬಂತು, ಚೀಲದಲ್ಲಿಟ್ಟೆ. ಬೆಳಗ್ಗೆ ಅಮ್ಮ ಬಟ್ಟೆ ಬಿಚ್ಚಿ "ಇದೇನೋ, ಹಿಟ್ಟು ತಂದಿದೀಯಾ?" ಅಂದ್ರು. ಒಂದೂ ಇಡೀದಿರಲಿಲ್ಲ. ಮಜ್ಜಿಗೇಲಿ ನೆನೆಸ್ಕೊಂಡು ಮೂರು ದಿನ ತಿಂದ್ವಿ.