ಕರಿಯಾ ಕೂತ, ಮಗ ಕಾದ

ನನ್ನ ಮಗನಿಗೆ ಈಗ ಒಂಬತ್ತು ವರ್ಷ, ಎಡಿಎಚ್‌ಡಿ ಇದೆ, ಅಂದರೆ ಗಮನ ಒಂದು ಕಡೆ ನಿಲ್ಲೋದು, ಸುಮ್ನೆ ಕೂಡೋದು ಅವನಿಗೆ ಕಷ್ಟ. ಇಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ತೋರಿಸಿದ್ದೇವೆ. ಔಷಧಿ ನಡೀತಿದೆ, ವರ್ತನೆ ತಿದ್ದುವ ತರಬೇತಿಯೂ ನಡೀತಿದೆ. ನಾಯಿ ಸಾಕಿದರೆ ಇದೆಲ್ಲ ವಾಸಿಯಾಗುತ್ತದೆ ಅಂತ ನಂಬಿ ಕರಿಯಾನನ್ನು ತಂದದ್ದಲ್ಲ. ಧಾರವಾಡದ ನಮ್ಮ ಓಣಿಯಲ್ಲೇ ಹುಟ್ಟಿದ ಕಂತ್ರಿ ಮರಿ, ಮಳೆಗೆ ನೆನೆದು ಪಡಸಾಲೆಗೆ ಬಂದು ಮಲಗಿತು. ಮೂರು ತಿಂಗಳಾದ ಮೇಲೆ ರೇಬೀಸ್ ಲಸಿಕೆ ಹಾಕಿಸಿದೆವು, ಜಂತಿನ ಔಷಧಿ ಕುಡಿಸಿದೆವು, ನಮ್ಮದೇ ಆಯಿತು.

ಒಂದು ರವಿವಾರ ಸಂಜೆ ಮಗ ಅಂಗಳದಲ್ಲಿ ಅದಕ್ಕೆ ಕೂಡೋದು ಕಲಿಸ್ತಿದ್ದ. "ಕೂಡು ಕೂಡು ಕೂಡಲೇ" ಅಂತ ಒಂದೇ ಉಸಿರಿಗೆ. ಕರಿಯಾ ಮೂತಿ ನೆಕ್ಕಿಕೊಂಡ, ಆಕಳಿಸಿದ, ಮುಖ ಆಕಡೆ ತಿರುಗಿಸಿದ. ಬಾಜು ಮನೆಯ ಕಾಕಾ ಮೊದಲಿಂದ ನಾಯಿ ಸಾಕಿದವರು. ಕಂಪೌಂಡ್ ಆಚೆಯಿಂದಲೇ ಅಂದರು: "ತಮ್ಮಾ, ಅದಕ್ಕ ನಿದ್ದಿ ಬಂದಿಲ್ಲ, ಗಾಬರಿ ಆಗೇದ. ಒಮ್ಮೆ ಹೇಳು, ಸುಮ್ನ ನಿಲ್ಲು. ಕೂತ ಕೂಡಲೇ ತುತ್ತು ಕೊಡು. ತಡಾ ಮಾಡಿದ್ರ ಯಾಕ ಕೊಟ್ಟಿ ಅಂತ ಅದಕ್ಕ ತಿಳಿಯಂಗಿಲ್ಲ."

ಮಗ ಬೇಯಿಸಿದ ಮೊಟ್ಟೆಯ ಚೂರನ್ನು ಮುಷ್ಟಿಯಲ್ಲಿ ಹಿಡಿದು ನಿಂತ. ಕಾಲ್ಬೆರಳು ಕುಣೀತಿದ್ದವು, ತುಟಿ ಕಚ್ಚಿ ಹಿಡಿದಿದ್ದ, ಆದರೆ ಮಾತಾಡಲಿಲ್ಲ. ಕರಿಯಾ ಅವನ ಮುಷ್ಟಿ ನೋಡಿದ, ಮುಖ ನೋಡಿದ, ಮೆಲ್ಲಗೆ ಕೂತ. ಚೂರು ಬಾಯಿಗೆ ಹೋಯಿತು. "ಮಮ್ಮೀ, ಕೂತಾ!" ಅಂತ ಅವನು ಕೂಗಿದ್ದು ಓಣಿಗೆಲ್ಲ ಕೇಳಿತು.

ತಡ ಮಾಡಿದರೆ ತಿಳಿಯುವುದಿಲ್ಲ ಅನ್ನೋ ಮಾತನ್ನೇ ಡಾಕ್ಟರು ನನ್ನ ಮಗನ ಬಗ್ಗೆ ಹೇಳಿದ್ದರು. ಇಂಥ ಮಕ್ಕಳಿಗೆ ಪರೀಕ್ಷೆ ಮುಗಿದ ಮೇಲೆ ಸೈಕಲ್ ಕೊಡಿಸ್ತೀನಿ ಅಂದರೆ ಅದು ಬಹಳ ದೂರದ ಮಾತು. ಹೊಗಳಿಕೆಯಾಗಲಿ ಬಹುಮಾನವಾಗಲಿ ಆಗಿಂದಾಗಲೇ ಸಿಗಬೇಕು. ನಾಯಿ ಹಾಗೇ ಅಲ್ವಾ? ಕಿರುಚಿದರೆ ಆಗಲೇ ಎದ್ದು ಹೋಗುತ್ತದೆ, ಸುಮ್ನೆ ಕೂತರೆ ಆಗಲೇ ಬಂದು ಮೂತಿ ಇಡುತ್ತದೆ. ಬೈಯುವುದಿಲ್ಲ, ನಿನ್ನೆಯದನ್ನು ಎತ್ತಿ ಆಡುವುದಿಲ್ಲ. ದಿನವಿಡೀ ಬೈಸಿಕೊಂಡೇ ಬೆಳೆಯುವ ಮಗುವಿಗೆ ಇದು ದೊಡ್ಡ ವಿಷಯ.

ಕೆಲಸ ಜಾಸ್ತಿಯಾಗಿದ್ದು ನಿಜ. ನೀರಿಡೋದನ್ನು ಅವನು ಮರೀತಾನೆ, ಹಾಗಾಗಿ ನೀರು, ಊಟ, ವರ್ಷಕ್ಕೊಮ್ಮೆ ಲಸಿಕೆ ಎಲ್ಲ ನನ್ನವೇ. ನಾಯಿ ಉಣ್ಣುವಾಗ, ಮಲಗಿದಾಗ ಹತ್ತಿರ ಹೋಗೋ ಹಾಗಿಲ್ಲ. ಇಬ್ಬರನ್ನೇ ಬಿಟ್ಟು ನಾನು ಒಳಗೆ ಹೋಗೋದೂ ಇಲ್ಲ. ಹಲ್ಲು ತಾಗಿದರೆ ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಸೀದಾ ಆಸ್ಪತ್ರೆ, ನಾಯಿಗೆ ಲಸಿಕೆ ಆಗಿದ್ದರೂ. ಬಂದವರು ಪ್ರೀತಿಯಿಂದ ಪೇಡೆ ತೋರಿಸ್ತಾರೆ, ಬೇಡ ಅಂತೀನಿ. ಚಾಕೊಲೇಟು, ದ್ರಾಕ್ಷಿ, ಉಳ್ಳಾಗಡ್ಡಿಯಂತೂ ನಾಯಿಗೆ ವಿಷ. ಮುಧೋಳ ನಾಯಿ ತರಬೇಕಿತ್ತು ಅಂತಾರೆ ಕೆಲವರು. ಅದು ಬೇಟೆಗೆ ಓಡುವ ನಾಯಿ, ನಮ್ಮ ಇಷ್ಟಗಲ ಅಂಗಳ ಎಲ್ಲಿ ಸಾಕಾದೀತು.

ಮೊನ್ನೆ ನಾದಿನಿಯ ಮಗ ಕರಿಯಾನ ಬಾಲ ಹಿಡಿಯಲು ಹೋದಾಗ ನನ್ನ ಮಗ ಅಡ್ಡ ನಿಂತ. "ಮುಟ್ಟಬ್ಯಾಡ, ಕಿವಿ ಹಿಂದ ಹೋಗ್ಯಾವ ನೋಡು, ಅಂವಗ ಅಂಜಿಕಿ ಬಂದದ." ನನ್ನ ಮುಖದ ಸಿಟ್ಟೂ ಗಮನಿಸದ ಹುಡುಗ ಇವನು!

ಹೋಂವರ್ಕ್ ಮಾತ್ರ ಇನ್ನೂ ಜಗಳವೇ. ಪೂರ್ತಿ ಪುಟ ಮುಗಿಯಲಿ ಅಂತ ಈಗ ನಾನು ಕಾಯುವುದಿಲ್ಲ. ಒಂದು ಲೆಕ್ಕ ಮುಗಿದ ಕೂಡಲೇ ಟಿಕ್ ಹಾಕಿ ಶಭಾಷ್ ಅಂತೀನಿ, ಆಮೇಲೆ ಇನ್ನೊಂದು ಲೆಕ್ಕ.